ಗೋಸುಂಬೆ ಸಾಕಾಣಿಕೆ: ವಾಸಸ್ಥಳದ ಅಳತೆ ಹಾಗೂ ನೋಂದಣಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ, ಗೋಸುಂಬೆಗೆ ಸಂಬಂಧಿಸಿದ ಕಾನೂನಿನ ನಿಬಂಧನೆಗಳನ್ನೂ, ಸಾಕಲು ಅವಕಾಶವಿರುವ ವಿದೇಶಿ ಜಾತಿಗಳಿಗೆ ಒದಗಿಸಬೇಕಾದ ವಾಸಸ್ಥಳದ ವಿವರಗಳನ್ನೂ ಈ ಪುಟದಲ್ಲಿ ನೀಡಲಾಗಿದೆ. ನಂತರದಲ್ಲಿ ರಚನೆಯಾದ ಕಾರಟಗಿ, ಕನಕಗಿರಿ ಹಾಗೂ ಕುಕನೂರು ತಾಲ್ಲೂಕುಗಳ ಅರ್ಜಿದಾರರಿಗೂ ಇದೇ ಮಾಹಿತಿ ಅನ್ವಯಿಸುತ್ತದೆ. ಪಂಜರವನ್ನು ಕೊಳ್ಳುವ ಮುನ್ನ ಪ್ರಾಣಿಯು ಯಾವ ಜಾತಿಗೆ ಸೇರಿದ್ದು ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮುಂದಿನ ಕ್ರಮಗಳೆಲ್ಲವೂ ಅದನ್ನೇ ಅವಲಂಬಿಸಿರುತ್ತವೆ.

ನಮ್ಮ ಭಾಗದ ಗೋಸುಂಬೆ

ಈ ಜಿಲ್ಲೆಯ ಹೊಲದ ಬದುಗಳಲ್ಲಿ, ಜಾಲಿ ಹಾಗೂ ಬೇವಿನ ಮರಗಳಲ್ಲಿ, ಕುರುಚಲು ಕಾಡುಗಳಲ್ಲಿ ಕಂಡುಬರುವ ಹಸಿರು ಬಣ್ಣದ ಗೋಸುಂಬೆಯು ಭಾರತೀಯ ಗೋಸುಂಬೆಯಾಗಿದ್ದು, ಇದರ ವೈಜ್ಞಾನಿಕ ಹೆಸರು ಕೆಮೀಲಿಯೊ ಝೈಲಾನಿಕಸ್. ಇದು ಭಾರತ, ಶ್ರೀಲಂಕಾ ಹಾಗೂ ಪಾಕಿಸ್ತಾನಗಳಲ್ಲಿ ವಾಸಿಸುತ್ತದೆ. ಬಾಲವೂ ಸೇರಿದಂತೆ ಸುಮಾರು ಒಂದೂಕಾಲು ಅಡಿಯವರೆಗೆ ಬೆಳೆಯುತ್ತದೆ. ಇದಕ್ಕೆ ವಿಷವಿಲ್ಲ. ಮುಟ್ಟಿದರೆ ಅಪಾಯವೆಂಬ ಭಯದಿಂದ ಇದನ್ನು ಕಲ್ಲೆಸೆದು ಕೊಲ್ಲುವುದುಂಟು. ಈ ಭಯಕ್ಕೆ ಯಾವ ಆಧಾರವೂ ಇಲ್ಲ. ಕೀಟಗಳನ್ನು ತಿಂದು ಬದುಕುವ ಈ ಪ್ರಾಣಿಯು ರೈತರಿಗೆ ಉಪಕಾರಿಯೇ ಹೊರತು ಅಪಕಾರಿಯಲ್ಲ.

ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತವನ್ನೂ, ಕೊಪ್ಪಳ ಹಾಗೂ ಆನೆಗೊಂದಿಯ ಕಡೆಯ ಬಂಡೆಗಳ ಮೇಲೆ ಕೆಂಪು ಕಪ್ಪು ಬಣ್ಣದಲ್ಲಿ ಕಾಣುವ ಬಂಡೆ ಓತಿಯನ್ನೂ ಗೋಸುಂಬೆಯೆಂದು ಭಾವಿಸುವುದು ಸಾಮಾನ್ಯ. ಅವುಗಳ ಗಂಡುಗಳೂ ಸಂತಾನೋತ್ಪತ್ತಿಯ ಕಾಲದಲ್ಲಿ ಬಣ್ಣ ಬದಲಿಸುವುದೇ ಈ ಗೊಂದಲಕ್ಕೆ ಕಾರಣ. ನಿಜವಾದ ಗೋಸುಂಬೆಯನ್ನು ಗುರುತಿಸುವುದು ಸುಲಭ: ಅದರ ಎರಡು ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆ ಬೇರೆ ದಿಕ್ಕಿಗೆ ಹೊರಳುತ್ತವೆ, ಪಾದದ ಬೆರಳುಗಳು ಇಕ್ಕುಳದಂತೆ ಎರಡು ಗುಂಪಾಗಿರುತ್ತವೆ, ಬಾಲವು ಕೊಂಬೆಗೆ ಸುತ್ತಿಕೊಳ್ಳುತ್ತದೆ.

ಭಾರತೀಯ ಗೋಸುಂಬೆಯು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿಯಲ್ಲಿ ಸೇರಿದ ಸಂರಕ್ಷಿತ ಪ್ರಾಣಿಯಾಗಿದೆ. ಸದರಿ ಅಧಿನಿಯಮದ 9ನೇ ಪ್ರಕರಣವು ಬೇಟೆಯನ್ನು ನಿಷೇಧಿಸುತ್ತದೆ. ಹಿಡಿಯುವುದೂ ಬಲೆಗೆ ಬೀಳಿಸುವುದೂ ಬೇಟೆಯ ಅರ್ಥವ್ಯಾಪ್ತಿಯಲ್ಲಿಯೇ ಬರುತ್ತವೆ. ಆದ್ದರಿಂದ ಇದನ್ನು ಹಿಡಿಯಲು, ಮಾರಲು, ಕೊಳ್ಳಲು ಅಥವಾ ಮನೆಯಲ್ಲಿ ಇರಿಸಿಕೊಳ್ಳಲು ಅವಕಾಶವಿರುವುದಿಲ್ಲ. ಪಂಜರವು ಎಷ್ಟೇ ವಿಶಾಲವಾಗಿದ್ದರೂ, ಪ್ರಾಣಿಯನ್ನು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಇದಕ್ಕೆ ವಿನಾಯಿತಿ ಇಲ್ಲ. ಸಾಕಲು ಅನುಮತಿ ಕೋರಿ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ.

ರಸ್ತೆ ದಾಟುತ್ತಿರುವ ಗೋಸುಂಬೆ ಕಂಡುಬಂದಲ್ಲಿ ಅದರ ಮುಂದೆ ಒಂದು ಕೋಲನ್ನು ಹಿಡಿದರೆ ತಾನೇ ಹತ್ತಿಕೊಳ್ಳುತ್ತದೆ. ಅದು ಹೊರಟಿದ್ದ ದಿಕ್ಕಿನಲ್ಲಿಯೇ ರಸ್ತೆಯ ಆಚೆ ಬದಿಯ ಗಿಡವೊಂದಕ್ಕೆ ಬಿಟ್ಟರೆ ಸಾಕು. ಹೆಣ್ಣು ಗೋಸುಂಬೆಯು ನೆಲ ಅಗೆದು ಮೊಟ್ಟೆಯಿಡಲು ಮರದಿಂದ ಇಳಿದು ಬರುವುದರಿಂದ, ನೆಲದ ಮೇಲೆ ಕಂಡ ಮಾತ್ರಕ್ಕೆ ಅದು ಕಾಯಿಲೆಯಿಂದಿದೆ ಎಂದು ಭಾವಿಸಿ ಮನೆಗೆ ತರಬಾರದು. ಗಾಯಗೊಂಡಿದ್ದರೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದು.

ವಿದೇಶಿ ಗೋಸುಂಬೆಗಳ ನೋಂದಣಿ

ಸಾಕುಪ್ರಾಣಿಯಾಗಿ ಮಾರಾಟವಾಗುವ ದೊಡ್ಡ ಗೋಸುಂಬೆಗಳಲ್ಲಿ ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ ಯೆಮೆನ್ ಗೋಸುಂಬೆ, ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಗೋಸುಂಬೆ ಹಾಗೂ ಪಾರ್ಸನ್ಸ್ ಗೋಸುಂಬೆ ಮುಖ್ಯವಾದವು. ಇವು ಅಳಿವಿನಂಚಿನ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿ ಸೇರಿವೆ. 2022ರ ತಿದ್ದುಪಡಿಯ ಮೂಲಕ ಸದರಿ ಒಪ್ಪಂದದ ನಿಬಂಧನೆಗಳನ್ನು ವನ್ಯಜೀವಿ ಅಧಿನಿಯಮಕ್ಕೆ ಅಳವಡಿಸಲಾಗಿದ್ದು, 49ಎಂ ಪ್ರಕರಣದನ್ವಯ ಇಂತಹ ಜೀವಂತ ಪ್ರಾಣಿಯನ್ನು ಹೊಂದಿರುವ ಪ್ರತಿಯೊಬ್ಬರೂ ನೋಂದಣಿ ಮಾಡಿಸುವುದು ಕಡ್ಡಾಯವಾಗಿದೆ.

ಕೇಂದ್ರ ಸರ್ಕಾರವು ಈ ಕುರಿತ ನಿಯಮಗಳನ್ನು 2024ರ ಫೆಬ್ರವರಿಯಲ್ಲಿ ಅಧಿಸೂಚಿಸಿತು. ಆಗ ಪ್ರಾಣಿಯನ್ನು ಹೊಂದಿದ್ದವರಿಗೆ ನೀಡಲಾಗಿದ್ದ ಆರು ತಿಂಗಳ ಕಾಲಾವಕಾಶವು 2024ರ ಆಗಸ್ಟ್‌ನಲ್ಲಿ ಮುಗಿದಿದೆ. ಅನಂತರ ಪಡೆದವರು, ಪಡೆದ ದಿನದಿಂದ ಮೂವತ್ತು ದಿನಗಳೊಳಗಾಗಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಅಂತರ್ಜಾಲ ತಾಣದ ಮೂಲಕ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಪ್ರಾಣಿಯ ಹಸ್ತಾಂತರ, ಮರಿಗಳ ಜನನ ಮತ್ತು ಸಾವನ್ನೂ ಇದೇ ರೀತಿ ವರದಿ ಮಾಡತಕ್ಕದ್ದು. 2020ರ ಜೂನ್‌ನಲ್ಲಿ ಪ್ರಕಟವಾದ ಸ್ವಯಂ ಘೋಷಣೆಯ ಯೋಜನೆಯಲ್ಲಿ ದಾಖಲೆಗಳಿಲ್ಲದೆಯೂ ಘೋಷಿಸಿಕೊಳ್ಳಲು ಅವಕಾಶವಿತ್ತು; ಆ ಅವಕಾಶ ಈಗ ಇರುವುದಿಲ್ಲ. ಹೀಗಾಗಿ ಕೊಳ್ಳುವಾಗಲೇ ಮಾರಾಟಗಾರರಿಂದ ರಸೀದಿಯನ್ನೂ, ಪ್ರಾಣಿಯ ಮೂಲವನ್ನು ತೋರಿಸುವ ಕಾಗದಪತ್ರಗಳನ್ನೂ ಪಡೆಯುವುದು ಅಗತ್ಯ. ಸಾಕುಪ್ರಾಣಿ ಅಂಗಡಿಗಳು 2018ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. "ಕಾಗದ ಆಮೇಲೆ ಕೊಡುತ್ತೇವೆ" ಎನ್ನುವವರಿಂದ ಕೊಳ್ಳದಿರುವುದೇ ಲೇಸು.

ವಾಸಸ್ಥಳ

ನೋಂದಣಿ ಪತ್ರವೊಂದಿದ್ದರೆ ಹೊಣೆ ಮುಗಿಯುವುದಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದ (1)(ಇ) ಖಂಡದ ಪ್ರಕಾರ, ಎತ್ತರ, ಉದ್ದ ಹಾಗೂ ಅಗಲದಲ್ಲಿ ಪ್ರಾಣಿಯ ಚಲನೆಗೆ ಸಾಕಾಗದ ಪಂಜರದಲ್ಲಿ ಅದನ್ನು ಇರಿಸುವುದು ಕ್ರೌರ್ಯವೆನಿಸುತ್ತದೆ. ಮೂರು ಅಳತೆಗಳಲ್ಲಿ ಎತ್ತರವನ್ನೇ ಮೊದಲು ಹೇಳಿರುವುದು ಗೋಸುಂಬೆಯ ಮಟ್ಟಿಗಂತೂ ಬಹಳ ಸರಿಯಾಗಿದೆ. ಸದರಿ ಅಧಿನಿಯಮದಲ್ಲಿ ಪ್ರಾಣಿ ಎಂದರೆ ಮನುಷ್ಯನ ಹೊರತು ಯಾವುದೇ ಜೀವಿ. ಸರೀಸೃಪಗಳೂ ಅದರಲ್ಲಿ ಸೇರಿವೆ. 1960ರಲ್ಲಿ ನಿಗದಿಯಾದ ದಂಡವು ಅಲ್ಪವೇ. ಇಕ್ಕಟ್ಟಿನ ಪಂಜರದಿಂದ ಪ್ರಾಣಿಗೆ ಆಗುವ ಹಾನಿ ಅಲ್ಪವಲ್ಲ.

ಗಂಡು ಯೆಮೆನ್ ಗೋಸುಂಬೆಯು ಒಂದೂವರೆಯಿಂದ ಎರಡು ಅಡಿ ಉದ್ದ ಬೆಳೆಯುತ್ತದೆ. ಇಂತಹ ಬೆಳೆದ ಪ್ರಾಣಿಯೊಂದಕ್ಕೆ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಮತ್ತು 120 ಸೆಂ.ಮೀ. ಎತ್ತರದ ಪಂಜರ, ಅಂದರೆ ಸುಮಾರು ಎರಡಡಿ, ಎರಡಡಿ, ನಾಲ್ಕಡಿ, ಕನಿಷ್ಠ ಅಳತೆಯೆಂದು ಅನುಭವಿ ಸಾಕಾಣಿಕೆದಾರರು ಪರಿಗಣಿಸುತ್ತಾರೆ. ಇದು ಕನಿಷ್ಠವೇ ಹೊರತು ಸೂಕ್ತವಾದ ಅಳತೆಯಲ್ಲ. ಇದಕ್ಕಿಂತ ದೊಡ್ಡದಾದಷ್ಟೂ ಒಳ್ಳೆಯದು. ಸಂತೆಯಲ್ಲಿ ದೊರೆಯುವ ಗಿಳಿಯ ಪಂಜರವಾಗಲಿ, ಮೀನಿನ ಗಾಜಿನ ತೊಟ್ಟಿಯಾಗಲಿ ಇದರ ಹತ್ತಿರಕ್ಕೂ ಬರುವುದಿಲ್ಲ. ಪಾರ್ಸನ್ಸ್ ಗೋಸುಂಬೆಯು ಇನ್ನೂ ದೊಡ್ಡದು, ತೂಕದಲ್ಲಿ ಜಗತ್ತಿನ ಅತಿ ಭಾರದ ಗೋಸುಂಬೆಗಳಲ್ಲೊಂದು. ಅದಕ್ಕೆ ಪಂಜರಕ್ಕಿಂತ ಗಿಡಗಳನ್ನು ಇರಿಸಿದ ಒಂದು ಕೊಠಡಿಯೇ ತಕ್ಕುದು. ಅದು ಮಡಗಾಸ್ಕರ್‌ನ ತಂಪಾದ ಮಳೆಕಾಡಿನ ಪ್ರಾಣಿಯಾದ ಕಾರಣ ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ಸಾಕುವ ಆಲೋಚನೆಯನ್ನೇ ಕೈಬಿಡುವುದು ಉತ್ತಮ.

ಗೋಸುಂಬೆಯು ಮರವಾಸಿ. ಮೇಲೆ ಹತ್ತಿ ಕೆಳಗಿನದನ್ನು ನೋಡುವ ಸ್ಥಿತಿಯಲ್ಲಿ ಮಾತ್ರ ಅದಕ್ಕೆ ನಿರಾತಂಕ. ನೆಲದ ಮೇಲಿಟ್ಟ ಪಂಜರದ ಬಳಿ ಜನರು ಓಡಾಡಿದಾಗಲೆಲ್ಲ ಮೇಲಿನಿಂದ ಶತ್ರು ಎರಗಿದಂತೆ ಅದು ಬೆದರುತ್ತದೆ. ಆದ್ದರಿಂದ ಪಂಜರವನ್ನು ಮೇಜಿನ ಮೇಲೆ ಅಥವಾ ಗೋಡೆಯ ಕಟ್ಟೆಯ ಮೇಲೆ ಇರಿಸಿ, ಅದು ಕೂರುವ ಕೊಂಬೆಯು ಮನುಷ್ಯರ ಕಣ್ಣಿನ ಮಟ್ಟಕ್ಕಿಂತ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಬಣ್ಣ ಬದಲಾವಣೆಯನ್ನು ವಿನೋದವೆಂದು ತಿಳಿಯಲಾಗದು. ಅದು ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳಲು ನಡೆಯುವುದಕ್ಕಿಂತ ಹೆಚ್ಚಾಗಿ ಉಷ್ಣಾಂಶ, ಬೆಳಕು ಹಾಗೂ ಮನಃಸ್ಥಿತಿಗೆ ಅನುಗುಣವಾಗಿ ನಡೆಯುತ್ತದೆ. ದಿನವಿಡೀ ಕಪ್ಪಾಗಿಯೇ ಇರುವ ಪ್ರಾಣಿಯು ಸಂಕಟದಲ್ಲಿದೆ ಎಂದೇ ತಿಳಿಯಬೇಕು.

ಪಂಜರದ ಬದಿಗಳು ಜಾಲರಿಯದಾಗಿರಬೇಕು. ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ಆಡುವುದಿಲ್ಲ, ತೇವವು ನಿಂತು ಉಸಿರಾಟದ ಕಾಯಿಲೆ ಬರುತ್ತದೆ, ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬವನ್ನು ಎದುರಾಳಿಯೆಂದು ತಿಳಿದು ಪ್ರಾಣಿಯು ಕಾದಾಡಲು ಹೊರಡುತ್ತದೆ. ಇದೇ ಕಾರಣಕ್ಕೆ ಒಂದು ಪಂಜರದಲ್ಲಿ ಒಂದೇ ಪ್ರಾಣಿ ಇರತಕ್ಕದ್ದು. ಎರಡು ಪಂಜರಗಳಿದ್ದಲ್ಲಿ ಒಂದು ಮತ್ತೊಂದಕ್ಕೆ ಕಾಣದಂತೆ ನಡುವೆ ಮರೆ ಇರಬೇಕು. ಒಳಗೆ ಬೆರಳು ಗಾತ್ರದ ಕೊಂಬೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿ, ದಾಸವಾಳದಂತಹ ದಟ್ಟ ಎಲೆಯ ಗಿಡವನ್ನು ಕುಂಡದಲ್ಲಿ ಇರಿಸಬೇಕು. ಯೆಮೆನ್ ಗೋಸುಂಬೆಯು ಎಲೆಗಳನ್ನೂ ತಿನ್ನುವುದರಿಂದ ಕಣಗಿಲೆ, ಎಕ್ಕ ಮುಂತಾದ ವಿಷದ ಗಿಡಗಳನ್ನು ಇಡಲೇಬಾರದು. ಹೆಣ್ಣಾಗಿದ್ದಲ್ಲಿ ಸುಮಾರು ಒಂದಡಿ ಆಳದ ಹಸಿ ಮರಳುಮಣ್ಣಿನ ತೊಟ್ಟಿಯೊಂದು ಅಗತ್ಯ. ಗಂಡಿನ ಸಂಪರ್ಕವಿಲ್ಲದೆಯೂ ಅದು ಮೊಟ್ಟೆಯಿಡುತ್ತದೆ. ಅಗೆಯಲು ಸ್ಥಳ ದೊರೆಯದಿದ್ದಲ್ಲಿ ಮೊಟ್ಟೆಗಳು ಒಳಗೇ ಉಳಿದು ಸಾವು ಸಂಭವಿಸುತ್ತದೆ.

ಬಟ್ಟಲಿನ ನೀರನ್ನು ಗೋಸುಂಬೆಯು ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆಯ ಮೇಲಿನ ಹನಿಗಳನ್ನು ನೆಕ್ಕುತ್ತದೆ. ದಿನಕ್ಕೆ ಎರಡು ಬಾರಿಯಾದರೂ ನೀರು ಸಿಂಪಡಿಸಬೇಕು, ಅಥವಾ ಹೊಸ ಸಲೈನ್ ನಳಿಕೆಯಿಂದ ಹನಿಹನಿಯಾಗಿ ಎಲೆಗಳ ಮೇಲೆ ಬೀಳುವಂತೆ ಮಾಡಬಹುದು. ಮೂಳೆಗಳ ಬೆಳವಣಿಗೆಗೆ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆಯುತ್ತದೆ. ಬೆಳಗಿನ ಎಳೆಬಿಸಿಲು ಜಾಲರಿಯ ಮೂಲಕ ನೇರವಾಗಿ ಬೀಳುವಂತಿರಬೇಕು, ಇಲ್ಲವೇ ಸರೀಸೃಪಗಳಿಗೆಂದೇ ತಯಾರಿಸಿದ ದೀಪವನ್ನು ದಿನಕ್ಕೆ 10ರಿಂದ 12 ಗಂಟೆ ಉರಿಸಬೇಕು. ರಾತ್ರಿ ಯಾವ ದೀಪವೂ ಬೇಡ.

ಬೇಸಿಗೆಯ ವಿಶೇಷ ಎಚ್ಚರಿಕೆ

ಹೊರದೇಶಗಳ ಕೈಪಿಡಿಗಳು ಪಂಜರವನ್ನು ಬಿಸಿಯಾಗಿಡುವ ಬಗೆಯನ್ನೇ ಹೆಚ್ಚಾಗಿ ಹೇಳುತ್ತವೆ. ಕೊಪ್ಪಳ ಜಿಲ್ಲೆಯ ಸಮಸ್ಯೆ ಇದಕ್ಕೆ ತದ್ವಿರುದ್ಧವಾದುದು. ಯೆಮೆನ್ ಗೋಸುಂಬೆಗೆ ಬಿಸಿಲು ಕಾಯುವ ಕೊಂಬೆಯ ಬಳಿ 30ರಿಂದ 32 ಡಿಗ್ರಿ ಸೆಲ್ಸಿಯಸ್, ಉಳಿದೆಡೆ 24ರಿಂದ 28 ಡಿಗ್ರಿ ಸಾಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಹಗಲಿನ ಉಷ್ಣಾಂಶವು 40 ಡಿಗ್ರಿ ತಲುಪುವುದರಿಂದ ಬಿಸಿ ಬಲ್ಬನ್ನು ಪೂರ್ತಿ ಆರಿಸಿ, ಪಂಜರವನ್ನು ಮನೆಯ ಅತಿ ತಂಪಾದ ಕೋಣೆಗೆ ಸ್ಥಳಾಂತರಿಸಬೇಕು. ತಗಡಿನ ಮಾಡಿನ ಕೆಳಗೆ ಇರಿಸಬಾರದು. ಒಂದು ಬದಿಗೆ ಒದ್ದೆಯ ಗೋಣಿತಟ್ಟು ಅಥವಾ ಲಾವಂಚದ ತಡಿಕೆ ಇಳಿಬಿಡುವುದು ಹಳೆಯ ಉಪಾಯವಾದರೂ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಅದೇ ಆಸರೆ. ಪ್ರಾಣಿಯು ಬಣ್ಣಗುಂದಿ, ಬಾಯಿ ತೆರೆದು ಕುಳಿತಿದ್ದರೆ ತಡಮಾಡದೆ ನೆರಳಿಗೆ ತಂದು ನೀರು ಸಿಂಪಡಿಸತಕ್ಕದ್ದು.

ಆಹಾರಕ್ಕಾಗಿ ಗದ್ದೆಗಳಿಂದ ಮಿಡತೆ ಹಿಡಿದು ತರುವವರು ಗಮನಿಸಬೇಕಾದ ಅಂಶವೊಂದಿದೆ. ತುಂಗಭದ್ರಾ ಕಾಲುವೆಯ ನೀರಾವರಿಯುಳ್ಳ ಗಂಗಾವತಿ ಭಾಗದ ಭತ್ತಕ್ಕೆ ಕೀಟನಾಶಕ ಸಿಂಪಡಿಸುವುದರಿಂದ, ಅಲ್ಲಿನ ಕೀಟಗಳನ್ನು ತಿಂದ ಪ್ರಾಣಿಯು ವಿಷಬಾಧೆಗೆ ಒಳಗಾಗಬಹುದು. ಸಾಕಿ ಬೆಳೆಸಿದ ಕೀಟಗಳನ್ನೇ, ಕ್ಯಾಲ್ಸಿಯಂ ಪುಡಿ ಸವರಿ ನೀಡುವುದು.

ಸಾಕಲಾಗದೆ ಹೋದಲ್ಲಿ

ವಿದೇಶಿ ಗೋಸುಂಬೆಯನ್ನು ಹೊಲಕ್ಕಾಗಲಿ ಕಾಡಿಗಾಗಲಿ ಬಿಡತಕ್ಕದ್ದಲ್ಲ. ಸಾಕಿದವರ ಕೈತಪ್ಪಿದ ಯೆಮೆನ್ ಗೋಸುಂಬೆಗಳು ಅಮೆರಿಕದ ಫ್ಲೋರಿಡಾ ಮತ್ತು ಹವಾಯಿಗಳಲ್ಲಿ ನೆಲೆಯೂರಿವೆ. ಒಂದು ಹೆಣ್ಣು ಒಮ್ಮೆಗೆ ಹಲವು ಹತ್ತು ಮೊಟ್ಟೆಗಳನ್ನಿಡುತ್ತದೆ. ಇಲ್ಲಿಯ ಗೋಸುಂಬೆಯು ಅದೇ ಬೇಲಿಯನ್ನು, ಅದೇ ಕೀಟಗಳನ್ನು ನಂಬಿಕೊಂಡಿದೆ. ಬೇರೆಯವರಿಗೆ ವಹಿಸುವುದಾದಲ್ಲಿ ಹಸ್ತಾಂತರವನ್ನು ಪರಿವೇಶ್ ತಾಣದಲ್ಲಿ ದಾಖಲಿಸಬೇಕು. ವಹಿಸಿಕೊಳ್ಳುವವರು ಯಾರೂ ಇಲ್ಲದಿದ್ದಲ್ಲಿ, ನೋಂದಣಿ ಪತ್ರದ ಪ್ರತಿಯೊಂದಿಗೆ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಯವರ ಕಛೇರಿಗೆ ಲಿಖಿತ ಮನವಿ ಸಲ್ಲಿಸುವುದು. ಪ್ರಾಣಿಯನ್ನು ಮುಂದೆ ಎಲ್ಲಿ ಇರಿಸಬೇಕೆಂಬುದು ತೀರ್ಮಾನವಾಗುವವರೆಗೆ ಅದು ಅರ್ಜಿದಾರರ ಮನೆಯ ಪಂಜರದಲ್ಲಿಯೇ, ಮೇಲ್ಕಂಡ ವ್ಯವಸ್ಥೆಗಳೊಂದಿಗೆ ಇರತಕ್ಕದ್ದು.