ತವರದ ಪದಕದಲ್ಲಿ ನಮ್ಮೂರ ಹುಲಿ

ಪಟಾನ್‌ಚೆರುವಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಯಾವೂರು ಅಂತ ಕೇಳಿದರೆ ಈಗಲೂ ಶ್ರೀರಂಗಪಟ್ಟಣ ಅಂತಲೇ ಬಾಯಿಗೆ ಬರುತ್ತೆ. 1799ರಲ್ಲಿ ಇಂಗ್ಲಿಷರ ಜೊತೆ ಸೇರಿ ನಮ್ಮ ಕೋಟೆ ಮುತ್ತಿದವರಲ್ಲಿ ಈ ಊರಿನ ನಿಜಾಮನ ಸೈನ್ಯವೂ ಇತ್ತು. ಅದರ ಜೊತೆ ಬಂದಿದ್ದ ಮೀರ್ ಆಲಂ ಹೆಸರಿನ ಕೆರೆ ಹೈದರಾಬಾದಿನಲ್ಲಿ ಇವತ್ತಿಗೂ ಇದೆ.

ಆ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಪದಕ ಮಾಡಿಸಿತು. 1808ರಲ್ಲಿ ಹಂಚಿದ್ದು. ದೊಡ್ಡವರಿಗೆ ಚಿನ್ನ, ಅವರ ಕೆಳಗಿನವರಿಗೆ ಬೆಳ್ಳಿ, ಕಂಚು. ಜೀವ ಒತ್ತೆ ಇಟ್ಟ ಸಾಮಾನ್ಯ ಸಿಪಾಯಿಗೆ ಬರೀ ತವರ!

ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದೆ. ಹುಲಿ ಅಂದರೆ ಟಿಪ್ಪು. ಮೇಲಿನ ಬಾವುಟದಲ್ಲಿ ಅರಬಿ ಅಕ್ಷರ: 'ಅಸದುಲ್ಲಾಹ್ ಅಲ್ ಗಾಲಿಬ್'. ದೇವರ ಸಿಂಹಕ್ಕೇ ಗೆಲುವು ಅಂತ ಅರ್ಥ. ಸ್ವಾರಸ್ಯ ನೋಡಿ, ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದದ್ದೂ ಇದೇ ಮಾತು!

ಖಡ್ಗ, ಸಿಂಹಾಸನದ ತುಂಡುಗಳು ಲೂಟಿಯಾದ ಕಥೆ ನಮಗೆಲ್ಲ ಗೊತ್ತು. ಸೋತವನ ಮಾತನ್ನೂ ಕಿತ್ತುಕೊಂಡು ಗೆದ್ದವನ ಬಾಯಿಗೆ ಇಟ್ಟಿದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೀರ್ ಆಲಂ ಕೆರೆ ದಾಟುವಾಗೆಲ್ಲ ನನಗೆ ಕಾವೇರಿಯೇ ನೆನಪಾಗುತ್ತೆ.