ಮನೆ ನೋಡಿ ಹೋದವರು ಮರಳಿ ಬಾರದಿರುವುದೇಕೆ?

ಧಾರವಾಡ: ಮಾರಾಟಕ್ಕಿಟ್ಟ ಮನೆಯನ್ನು ನೋಡಲು ಬಂದವರು ಚಹಾ ಕುಡಿದು, ‘ಮನೆಯಲ್ಲಿ ವಿಚಾರ ಮಾಡಿ ತಿಳಿಸುತ್ತೇವೆ’ ಎಂದು ಹೇಳಿ ಹೊರಟರೆ, ಬಹುತೇಕ ಸಂದರ್ಭಗಳಲ್ಲಿ ವ್ಯವಹಾರ ಅಲ್ಲಿಗೇ ಮುಗಿಯಿತೆಂದೇ ಅರ್ಥ. ಯಾವುದು ಹಿಡಿಸಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಮಾರುವವರು ಕೇಳುವುದೂ ಇಲ್ಲ. ಕಾರಣ ತಿಳಿಯದ ಮನೆ ಮಾಲೀಕರು ಇನ್ನೊಮ್ಮೆ ಬಣ್ಣ ಹೊಡೆಸುತ್ತಾರೆ, ದಲ್ಲಾಳಿಯನ್ನು ಬದಲಿಸುತ್ತಾರೆ, ಕೊನೆಗೆ ಬೆಲೆ ಇಳಿಸುತ್ತಾರೆ. ಆದರೂ ಮನೆ ಮಾರಾಟವಾಗುವುದಿಲ್ಲ.

ಕೊಳ್ಳಲು ಬಂದವರನ್ನು ಹಿಮ್ಮೆಟ್ಟಿಸುವ ಸಂಗತಿಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಮನೆಯ ದೋಷಕ್ಕಿಂತ ಆ ದೋಷವನ್ನು ಮುಚ್ಚಿಡುವ ಪ್ರಯತ್ನವೇ ಹೆಚ್ಚು ಹಾನಿ ಮಾಡುತ್ತದೆ. ತೋರಿಸಿದ ದೋಷ ಬೆಲೆಯನ್ನಷ್ಟೇ ತಗ್ಗಿಸುತ್ತದೆ. ಮುಚ್ಚಿಟ್ಟ ದೋಷ ನಂಬಿಕೆಯನ್ನೇ ಕೆಡಿಸುತ್ತದೆ.

ಧಾರವಾಡದ ಪಶ್ಚಿಮಕ್ಕೆ, ಹುಬ್ಬಳ್ಳಿ-ಲೋಂಡಾ ರೈಲು ಮಾರ್ಗದಲ್ಲಿರುವ ಮುಗದ ಗ್ರಾಮ ಇದಕ್ಕೆ ಒಳ್ಳೆಯ ಉದಾಹರಣೆಯಾಗಬಲ್ಲದು. ಮಲೆನಾಡಿನ ಅಂಚಿನಲ್ಲಿರುವ ಈ ಊರು ಭತ್ತಕ್ಕೆ ಹೆಸರಾದುದು. ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇಲ್ಲಿದೆ. ‘ಮುಗದ ಸುಗಂಧ’ ಎಂಬ ತಳಿಗೆ ಊರಿನ ಹೆಸರೇ ಇದೆ. ಭತ್ತಕ್ಕೆ ವರವಾದ ಮಳೆ ಗೋಡೆ ಮಾಳಿಗೆಗಳಿಗೆ ವರವಲ್ಲ. ಇತ್ತ ಚಿಕ್ಕಮಲ್ಲಿಗವಾಡದ ಬಳಿ ಧಾರವಾಡ ಐಐಟಿಯ ಶಾಶ್ವತ ಆವರಣ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿದೆ. ನಗರದ ಅಂಚಿನ ಊರುಗಳಲ್ಲಿ ಮನೆ ಹುಡುಕುವವರು ಹಳ್ಳಿಯ ಮನೆಯನ್ನೂ ನಗರದ ಕಣ್ಣಿನಿಂದಲೇ ನೋಡುತ್ತಾರೆ ಎಂಬುದನ್ನು ಮಾರುವವರು ಗಮನದಲ್ಲಿಡಬೇಕು.

ಆಷಾಢದ ಪರೀಕ್ಷೆ

ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ತೇವ. ಗೋಡೆಯ ಬುಡದಲ್ಲಿ ಉಬ್ಬಿದ ಗಿಲಾವು, ಬಿಳಿ ಉಪ್ಪಿನ ಪುಡಿ, ಮೂಲೆಯಲ್ಲಿ ಕಪ್ಪು ಬೂಷ್ಟು, ಚಾವಣಿಯಲ್ಲಿ ಹಳದಿ ಕಲೆ - ಇವುಗಳಲ್ಲಿ ಯಾವುದನ್ನು ಕಂಡರೂ ಅವರ ಉತ್ಸಾಹ ಕುಗ್ಗುತ್ತದೆ. ನೆಲದಿಂದ ಮೇಲೇರುವ ತೇವ ಒಂದು ಬಗೆ, ಮಾಳಿಗೆಯಿಂದ ಇಳಿಯುವ ಸೋರಿಕೆ ಇನ್ನೊಂದು ಬಗೆ. ಮೊದಲನೆಯದಕ್ಕೆ ಅಡಿಪಾಯದ ಮೇಲೆ ತೇವ ತಡೆಯುವ ಪದರ ಇಲ್ಲದಿರುವುದು ಸಾಮಾನ್ಯ ಕಾರಣ. ಮಣ್ಣು, ಕಲ್ಲು ಸೇರಿಸಿ ಕಟ್ಟಿದ ಹಳೆಯ ಗೋಡೆಗಳಲ್ಲಿ ಇದು ಹೆಚ್ಚು. ಎರಡನೆಯದಕ್ಕೆ ಒಡೆದ ಹೆಂಚು, ಕಸ ಕಟ್ಟಿದ ದೋಣಿ ಅಥವಾ ಇಳಿಜಾರು ಸರಿಯಿಲ್ಲದ ಆರ್‌ಸಿಸಿ ಚಾವಣಿ ಕಾರಣವಾಗಿರುತ್ತದೆ.

ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅನುಭವಿಗಳು ಅಲ್ಲಿಯೇ ಕೈಯಿಟ್ಟು ನೋಡುತ್ತಾರೆ. ಸಾಂಬ್ರಾಣಿ, ಊದುಬತ್ತಿಯ ಘಾಟು ಅತಿಯಾಗಿದ್ದರೂ ಸಂದೇಹ ಹುಟ್ಟುತ್ತದೆ. ಮುಚ್ಚಿದ ಕೋಣೆಯ ಮುಗ್ಗು ವಾಸನೆಯನ್ನು ಸುಗಂಧದಿಂದ ಅಡಗಿಸುವುದು ಸುಲಭವಲ್ಲ.

ಆಷಾಢ ಮಾಸದಲ್ಲಿ ಮನೆ, ನಿವೇಶನಗಳ ವ್ಯವಹಾರ ಬೇಡವೆನ್ನುವ ರೂಢಿ ನಮ್ಮಲ್ಲಿದೆ. ಆದರೆ ಧಾರವಾಡ ಸೀಮೆಯ ಜಿಟಿಜಿಟಿ ಮಳೆ ದಿನಗಟ್ಟಲೆ ಹಿಡಿದು ಸುರಿಯುವುದು, ಮಾಳಿಗೆ ತನ್ನ ನಿಜಸ್ಥಿತಿ ತೋರುವುದು ಅದೇ ಕಾಲದಲ್ಲಿ. ವ್ಯವಹಾರವನ್ನು ಶ್ರಾವಣಕ್ಕೆ ಇಟ್ಟುಕೊಂಡರೂ ಮನೆಯನ್ನು ಆಷಾಢದಲ್ಲಿ ಒಮ್ಮೆ ನೋಡುವುದು ಲೇಸು. ಬೇಸಿಗೆಯಲ್ಲಿ ಮಾತ್ರ ನೋಡಿ ಒಪ್ಪಿದ ಮನೆ ಜುಲೈನಲ್ಲಿ ಬೇರೆಯೇ ಆಗಿ ಕಾಣಬಹುದು.

ಬಿರುಕು ಮತ್ತು ಭಯ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು. ಇಂಥ ದುರಂತ ಕಂಡ ಊರಿನ ಜನ ಬಿರುಕನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಎಲ್ಲ ಬಿರುಕುಗಳೂ ಒಂದೇ ಅಲ್ಲ. ಗಿಲಾವಿನ ಮೇಲಿನ ಕೂದಲೆಳೆಯಂಥ ಗೆರೆಗಳು ಸಾಮಾನ್ಯವಾಗಿ ನಿರಪಾಯಕಾರಿ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ, ನಾಣ್ಯದ ಅಂಚು ಒಳಗಿಳಿಯುವಷ್ಟು ಅಗಲವಾದ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ಅಡಿಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ಚಾವಣಿಯ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಸಳಿ ಕಾಣುತ್ತಿದ್ದರೆ ಎಂಜಿನಿಯರರಿಗೆ ತೋರಿಸದೆ ಮುಂದುವರಿಯುವುದು ಸಲ್ಲ.

ಮಣ್ಣಿನ ಗುಣವೂ ಇಲ್ಲಿ ಮುಖ್ಯ. ಹುಬ್ಬಳ್ಳಿ, ನವಲಗುಂದದ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಅಡಿಪಾಯ ಹಾಕಿದ ಮನೆ ವರ್ಷವರ್ಷವೂ ಬಿರುಕು ಬಿಡುವುದು ಸಹಜ. ಧಾರವಾಡದಿಂದ ಪಶ್ಚಿಮಕ್ಕೆ ಹೋದಂತೆ ಕೆಂಪು ಮಣ್ಣು ಹೆಚ್ಚು. ಅಲ್ಲಿ ಎರೆಯ ಕಾಟಕ್ಕಿಂತ ತೇವ ಮತ್ತು ಗೆದ್ದಲಿನ ಕಾಟ ಹೆಚ್ಚು. ಹೆಂಚಿನ ಮನೆಯ ತೊಲೆ, ಜಂತಿ, ಚೌಕಟ್ಟುಗಳನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕೊಳ್ಳುವವರು ಹಿಂಜರಿಯುತ್ತಾರೆ.

ನೀರು, ದಾರಿ, ನೆರೆಹೊರೆ

ಹುಬ್ಬಳ್ಳಿ-ಧಾರವಾಡದವರು ಮನೆ ನೋಡುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ನೀರು ಎಷ್ಟು ದಿನಕ್ಕೊಮ್ಮೆ?’ ಎಂಬುದೂ ಒಂದು. ವಿಶ್ವಬ್ಯಾಂಕ್ ನೆರವಿನಿಂದ ಅವಳಿ ನಗರದ ಕೆಲವು ವಾರ್ಡ್‌ಗಳಲ್ಲಿ 2008ರಲ್ಲಿ ದಿನದ 24 ಗಂಟೆ ನೀರು ಪೂರೈಕೆ ಆರಂಭವಾದ ಬಳಿಕ, ಒಂದೇ ಊರಿನಲ್ಲಿ ನೀರಿರುವ ಓಣಿ, ನೀರಿಗಾಗಿ ಕಾಯುವ ಓಣಿ ಎಂಬ ವ್ಯತ್ಯಾಸ ಜನರ ಮನಸ್ಸಿನಲ್ಲಿ ನೆಲೆಯೂರಿತು. ಹಳ್ಳಿಯಲ್ಲಿ ಕೊಳವೆಬಾವಿ ಎಷ್ಟು ಆಳ, ಏಪ್ರಿಲ್‌ನಲ್ಲಿ ನೀರಿರುತ್ತದೆಯೇ, ನಳ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳಿಗೆ ತಡವರಿಸಿದರೆ ಕೊಳ್ಳುವವರು ಉತ್ತರವನ್ನು ತಾವೇ ಊಹಿಸಿಕೊಳ್ಳುತ್ತಾರೆ.

ಕಾರು ಬರಲಾರದ ಓಣಿ, ಮನೆ ಮುಂದೆ ನಿಂತ ಗಟಾರದ ನೀರು, ಪಕ್ಕದ ದನದ ಕೊಟ್ಟಿಗೆ, ರಾತ್ರಿ ಗಿರಣಿಯ ಸದ್ದು, ರೈಲಿನ ಸದ್ದು ಇವೆಲ್ಲ ಅಡ್ಡಿಗಳೇ. ಇವುಗಳನ್ನು ಮಾಲೀಕರು ಬದಲಿಸಲಾರರು. ಆದರೆ ಸದ್ದಿಲ್ಲದ ಹೊತ್ತನ್ನೇ ಆರಿಸಿ ಮನೆ ತೋರಿಸುವ ಜಾಣತನ ಎರಡನೆಯ ಭೇಟಿಯಲ್ಲಿ ಬಯಲಾಗುತ್ತದೆ.

ಮನೆಯವರ ನಡವಳಿಕೆಯೂ ಪರಿಣಾಮ ಬೀರುತ್ತದೆ. ಬಂದವರ ಬೆನ್ನಿಗೇ ನಡೆಯುತ್ತ ಪ್ರತಿ ಕೋಣೆಯನ್ನು ಹೊಗಳುವುದು, ಒಂದು ಕೋಣೆಗೆ ಬೀಗ ಹಾಕಿ ‘ಅದರಲ್ಲಿ ಏನೂ ಇಲ್ಲ’ ಎನ್ನುವುದು, ತೆರವು ಮಾಡಲೊಪ್ಪದ ಬಾಡಿಗೆದಾರರ ವಿಷಯವನ್ನು ಕೊನೆಯಲ್ಲಿ ಹೇಳುವುದು - ಇವು ಒಳ್ಳೆಯ ಮನೆಯ ಮೇಲೂ ಅನುಮಾನ ತರುತ್ತವೆ.

ವಾಸ್ತುವಿನ ಮಾತು

ದಕ್ಷಿಣಕ್ಕೆ ಮುಖವಾದ ಬಾಗಿಲು, ಈಶಾನ್ಯದಲ್ಲಿ ಶೌಚಾಲಯ, ಬೀದಿ ನೇರವಾಗಿ ಬಂದು ತಾಕುವ ನಿವೇಶನ - ವಾಸ್ತು ನಂಬುವವರು ಇವನ್ನು ಕಂಡೊಡನೆ ಹಿಂದೆ ಸರಿಯುತ್ತಾರೆ. ತಾವು ನಂಬದಿದ್ದರೂ, ನಾಳೆ ಮಾರುವಾಗ ತೊಂದರೆಯಾದೀತು ಎಂಬ ಲೆಕ್ಕದಿಂದ ಬಿಡುವವರೂ ಉಂಟು. ಇದು ವಾದದಿಂದ ಗೆಲ್ಲುವ ವಿಷಯವಲ್ಲ. ದಿಕ್ಕನ್ನು ಮೊದಲೇ ತಿಳಿಸಿದರೆ ಬೇಡದವರು ಬರುವುದೇ ಇಲ್ಲ. ಬಂದವರಿಗೆ ಅದು ಅಡ್ಡಿಯಾಗುವುದಿಲ್ಲ.

ಗೋಡೆಗಿಂತ ಗಟ್ಟಿಯಾಗಬೇಕಾದ ಕಾಗದ

ಮನೆ ಹಿಡಿಸಿದ ಮೇಲೂ ವ್ಯವಹಾರ ಮುರಿಯುವುದು ಕಾಗದಪತ್ರಗಳ ಹಂತದಲ್ಲಿ. ಮುಗದದಂಥ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ತಂತ್ರಾಂಶದ ದಾಖಲೆ ಬೇಕು. ಗಾಂವಠಾಣದೊಳಗಿನ ಅಥವಾ ಕ್ರಮಬದ್ಧವಾಗಿ ಅನುಮೋದನೆ ಪಡೆದ ಆಸ್ತಿಗೆ ನಮೂನೆ 9 ಮತ್ತು 11ಎ ದೊರೆಯುತ್ತವೆ. ಉಳಿದವು 11ಬಿ ವ್ಯಾಪ್ತಿಗೆ ಬರುತ್ತವೆ. ಕೃಷಿ ಜಮೀನಿನಲ್ಲಿ ಕಟ್ಟಿದ ಮನೆಯಾದರೆ, 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂ ಪರಿವರ್ತನೆ, ಅಂದರೆ ಎನ್‌ಎ ಆಗಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಧಾರವಾಡ ನಗರದ ಹಳೆಯ ಬಡಾವಣೆಗಳಲ್ಲಿ ಸಿಟಿ ಸರ್ವೆ ಕಚೇರಿಯ ಉತಾರವನ್ನು ನೋಡುತ್ತಾರೆ. ಅದರಲ್ಲಿ ಬ್ಯಾಂಕಿನ ಬೋಜಾ ಇದ್ದರೆ ತೀರಿಸಿದ ಪತ್ರ ಬೇಕಾಗುತ್ತದೆ.

ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ಆನ್‌ಲೈನ್‌ನಲ್ಲಿ 2004ರ ಏಪ್ರಿಲ್ 1ರ ನಂತರದ ವ್ಯವಹಾರಗಳಿಗೆ ಲಭ್ಯ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳನ್ನೇ ಹುಡುಕಿಸಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯಾದರೆ 1978ರ ಪಿಟಿಸಿಎಲ್ ಕಾಯಿದೆಯಂತೆ ಸರಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಾಗದು. 2023ರ ತಿದ್ದುಪಡಿಯ ಬಳಿಕ, ಅಂಥ ಭೂಮಿಯನ್ನು ಮರಳಿ ಪಡೆಯಲು ಅರ್ಜಿ ಸಲ್ಲಿಸುವುದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಹೊಸ ಕಟ್ಟಡಗಳ ವಿಷಯದಲ್ಲಿ, ಪೂರ್ಣತಾ ಅಥವಾ ವಾಸಯೋಗ್ಯ ಪ್ರಮಾಣಪತ್ರ ಪರಿಶೀಲಿಸಿದ ನಂತರವೇ ಬ್ಯಾಂಕುಗಳು ಸಾಲ ನೀಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶಿಸಿದೆ.

ಸಹಿ ಇಲ್ಲದ ಸಹೋದರಿ

ಪಿತ್ರಾರ್ಜಿತ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಹೆಣ್ಣುಮಕ್ಕಳ ಹಕ್ಕನ್ನು ಮರೆಮಾಚುವುದು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ನೀಡಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ವಿವಾಹಿತರನ್ನೂ ಸೇರಿಸಿ ಎಲ್ಲ ಹೆಣ್ಣುಮಕ್ಕಳನ್ನು ಜನ್ಮತಃ ಸಮಾನ ಹಕ್ಕುದಾರರನ್ನಾಗಿಸಿತು. ಇದಕ್ಕೆ ತಂದೆ 2005ರಲ್ಲಿ ಜೀವಂತವಾಗಿರಬೇಕಾಗಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಮಾರಾಟ, ನೋಂದಾಯಿತ ವಾಟಣಿಗಳಿಗೆ ರಕ್ಷಣೆಯಿದೆ.

ಹೀಗಿದ್ದರೂ ‘ಅಕ್ಕ-ತಂಗಿಯರದು ಏನೂ ತಕರಾರಿಲ್ಲ’ ಎಂಬ ಬಾಯಿಮಾತಿನಲ್ಲಿ ಮನೆ ಮಾರಲು ಹೊರಡುವವರಿದ್ದಾರೆ. ಕೊಳ್ಳುವವರ ವಕೀಲರು ವಂಶವೃಕ್ಷ ಕೇಳಿದಾಗ ಸತ್ಯ ಹೊರಬರುತ್ತದೆ. ಕೊಟ್ಟ ಮುಂಗಡ ಸಿಕ್ಕಿಹಾಕಿಕೊಳ್ಳುತ್ತದೆ, ಒಡಹುಟ್ಟಿದವರ ನಡುವೆ ದಾವೆ ಹುಟ್ಟುತ್ತದೆ. ಸಹೋದರಿಯರಿಗೆ ಮೊದಲೇ ತಿಳಿಸಿ, ಅವರ ಪಾಲು ಗೊತ್ತುಮಾಡಿ, ಖರೀದಿ ಪತ್ರಕ್ಕೆ ಸಹಿ ಪಡೆಯುವುದೊಂದೇ ನ್ಯಾಯದ ದಾರಿ ಹಾಗೂ ವ್ಯವಹಾರದ ದಾರಿ.

ಬೆಲೆಯ ಲೆಕ್ಕ

ಹೇಳುವ ಬೆಲೆ ಭೇಟಿಯಿಂದ ಭೇಟಿಗೆ ಬದಲಾದರೆ ಕೊಳ್ಳುವವರು ಬೇಸತ್ತು ಬಿಡುತ್ತಾರೆ. ಅವರ ಕಿಸೆಯ ಲೆಕ್ಕವನ್ನೂ ಮಾರುವವರು ಅರಿಯಬೇಕು. ಗ್ರಾಮೀಣ ಪ್ರದೇಶದಲ್ಲಿ 40 ಲಕ್ಷ ರೂ. ಬೆಲೆಯ ಮನೆಗೆ ಶೇ 5ರಂತೆ ಮುದ್ರಾಂಕ ಶುಲ್ಕ 2 ಲಕ್ಷ ರೂ., ಅದರ ಮೇಲೆ ಶೇ 10 ಸೆಸ್ 20 ಸಾವಿರ ರೂ., ಶೇ 3 ಸರ್‌ಚಾರ್ಜ್ 6 ಸಾವಿರ ರೂ. ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿರುವುದರಿಂದ 80 ಸಾವಿರ ರೂ. ಸೇರುತ್ತದೆ. ಒಟ್ಟು 3.06 ಲಕ್ಷ ರೂ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷ ರೂ.ವರೆಗಿನ ಗೃಹಸಾಲ ಮನೆ ಮೌಲ್ಯದ ಶೇ 80ನ್ನು ಮೀರುವಂತಿಲ್ಲ. ಅಂದರೆ 32 ಲಕ್ಷ ರೂ. ಸಾಲ ಸಿಕ್ಕರೂ 11 ಲಕ್ಷ ರೂ.ಗೂ ಹೆಚ್ಚು ಹಣವನ್ನು ಕೊಳ್ಳುವವರೇ ಹೊಂದಿಸಬೇಕು. ಬ್ಯಾಂಕಿನ ಮೌಲ್ಯಮಾಪಕರು ಬೆಲೆಯನ್ನು ಇನ್ನೂ ಕಡಿಮೆ ಕಟ್ಟಿದರೆ ಈ ಹೊರೆ ಬೆಳೆಯುತ್ತದೆ.

ಇದರ ಮೇಲೆ ‘ಪತ್ರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ನಗದು ಕೊಡಿ’ ಎಂಬ ಬೇಡಿಕೆ ಬಂದರೆ ಸಾಲ ಪಡೆದು ಕೊಳ್ಳುವವರು ಅನಿವಾರ್ಯವಾಗಿ ಹಿಂದೆ ಸರಿಯುತ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂ. ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ.

ಮುಚ್ಚಿಟ್ಟರೆ ಮೋಸ

‘ನೋಡಿಕೊಂಡು ಕೊಳ್ಳುವುದು ಅವರ ಜವಾಬ್ದಾರಿ’ ಎಂಬ ಸಮಜಾಯಿಷಿಯನ್ನು ಕಾನೂನು ಪೂರ್ತಿಯಾಗಿ ಒಪ್ಪುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ದೋಷ ಕಟ್ಟಡದಲ್ಲಿರಲಿ, ಹಕ್ಕಿನಲ್ಲಿರಲಿ, ಈ ಹೊಣೆ ತಪ್ಪದು. ತಿಳಿಸದೆ ಬಿಡುವುದು ವಂಚನೆಯೇ ಎಂದು ಅದೇ ಕಲಮು ಹೇಳುತ್ತದೆ. ಆದರೆ ಕಣ್ಣಿಗೆ ಕಾಣುವ ಬಿರುಕನ್ನು ನೋಡದೆ ಬಿಟ್ಟವರಿಗೆ ಈ ರಕ್ಷಣೆ ಸಿಗದು. ಆದ್ದರಿಂದ ಎಚ್ಚರಿಕೆ ಇಬ್ಬರಿಗೂ ಅಗತ್ಯ.

ಮಾರುವವರು ಗಮನಿಸಬೇಕಾದುದು

* ಬಣ್ಣಕ್ಕೆ ಮೊದಲು ಸೋರಿಕೆ ನಿಲ್ಲಿಸಿ. ಒಡೆದ ಹೆಂಚು ಬದಲಿಸಿ, ದೋಣಿ ಸ್ವಚ್ಛಗೊಳಿಸಿ, ತೇವ ಪೂರ್ತಿ ಆರಿದ ಮೇಲೆ ಬಣ್ಣ ಹೊಡೆಸಿ.

* ದುರಸ್ತಿ ಸಾಧ್ಯವಿಲ್ಲದಿದ್ದರೆ ದೋಷವನ್ನು ತೋರಿಸಿ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

* ಇ-ಸ್ವತ್ತು ಅಥವಾ ಇ-ಖಾತಾ, ಇ.ಸಿ., ತೆರಿಗೆ ರಸೀದಿ, ಕಟ್ಟಡ ಪರವಾನಿಗೆ, ವಂಶವೃಕ್ಷಗಳನ್ನು ಮೊದಲ ಭೇಟಿಗೇ ಒಂದು ಕಡತದಲ್ಲಿ ಸಿದ್ಧವಾಗಿಡಿ.

* ಎಲ್ಲ ಹಕ್ಕುದಾರರ ಒಪ್ಪಿಗೆ ಪಡೆದ ನಂತರವೇ ಮನೆಯನ್ನು ಮಾರಾಟಕ್ಕಿಡಿ.

* ಎಲ್ಲ ಕೋಣೆಗಳ ಬೀಗ, ಕಿಟಕಿ ತೆರೆದಿಡಿ. ಬಂದವರು ತಾವಾಗಿ ಸುತ್ತಾಡಲು ಬಿಡಿ.

* ಹಿಂದೆ ಸರಿದವರನ್ನು ಕಾರಣ ಕೇಳಿ. ಮೂವರು ಒಂದೇ ಕಾರಣ ಹೇಳಿದರೆ ಅದು ಮನೆಯ ಕಾರಣವೇ ಹೊರತು ಅವರ ಅಭಿರುಚಿಯದಲ್ಲ.

ಕೊಳ್ಳುವವರಾದರೋ ಕನಿಷ್ಠ ಎರಡು ಬಾರಿ, ಒಮ್ಮೆ ಹಗಲು ಒಮ್ಮೆ ಸಂಜೆಯ ನಂತರ, ಸಾಧ್ಯವಾದರೆ ಮಳೆಯಲ್ಲೊಮ್ಮೆ ಮನೆ ನೋಡಬೇಕು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕಟ್ಟುವವರ ಕಷ್ಟವನ್ನು ಹೇಳುತ್ತದೆ. ಕಟ್ಟಿದ ಮನೆಯನ್ನು ಕೊಳ್ಳುವುದರಲ್ಲೂ ಒಂದು ಕುಟುಂಬದ ಜೀವಮಾನದ ಗಳಿಕೆ ಅಡಗಿರುತ್ತದೆ. ಅದನ್ನು ಅರಿತು ಇದ್ದುದನ್ನು ಇದ್ದಂತೆ ತೋರಿಸುವ ಮಾಲೀಕರಿಗೆ ಬೆಲೆ ತುಸು ಕಡಿಮೆ ಸಿಗಬಹುದು. ಆದರೆ ಮನೆ ನೋಡಿ ಹೋದವರು ಮರಳಿ ಬರುತ್ತಾರೆ.