ರೈಲ್ವೆ ಕೆಳಸೇತುವೆ: ಬೋರ್ಡಿನ ಎತ್ತರ ಬೇರೆ, ನಿಮ್ಮ ಲೋಡಿನ ಎತ್ತರ ಬೇರೆ

ಅಬ್ಬೆತುಮಕೂರು: ತೊಗರಿ ರಾಶಿ ಮುಗಿದ ಮೇಲೆ ಹೊಟ್ಟು ಹೇರಿದ ಟ್ರ್ಯಾಕ್ಟರ್, ಹತ್ತಿ ಅಂಡಿಗೆ ಕಟ್ಟಿದ ಲಾರಿ, ಭತ್ತ ಕೊಯ್ಯುವ ಮಷಿನ್, ಬೋರ್‌ವೆಲ್ ಗಾಡಿ. ಯಾದಗಿರಿ ಜಿಲ್ಲೆಯ ರಸ್ತೆ ಮೇಲೆ ಎತ್ತರದ ಗಾಡಿ ಅಂದ್ರೆ ಇವೇ. ವಿಶ್ವಾರಾಧ್ಯರ ಜಾತ್ರೆಗೆ ಊರೂರಿಂದ ಬರುವ ಗಾಡಿಗಳೂ ಇವೇ ರಸ್ತೆಗಳಲ್ಲಿ ಓಡಾಡುತ್ತವೆ. ರೈಲು ಹಳಿ ದಾಟುವ ಕಡೆ ಗೇಟ್ ಇದ್ದರೆ ತಡ ಆಗುತ್ತದೆ, ಅಷ್ಟೇ. ಕೆಳಸೇತುವೆ ಇದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ನಾಲ್ಕು ಇಂಚು ಹೆಚ್ಚಾದ್ರೂ ಗಾಡಿ ಅಲ್ಲೇ ಸಿಕ್ಕಿಬೀಳುತ್ತದೆ.

ನಮ್ಮ ಭಾಗದ ವಾಡಿ-ರಾಯಚೂರು ಮಾರ್ಗ ಹೊಸದಲ್ಲ. ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871 ರಲ್ಲಿ. ಆಗ ರಸ್ತೆ ಮೇಲಿದ್ದದ್ದು ಎತ್ತಿನ ಬಂಡಿ. ಬಂಡಿ, ದನ ದಾಟಿದ್ರೆ ಸಾಕು ಅನ್ನೋ ಕಾಲದ ಅಳತೆ ಅದು. ದೇಶದ ಎಷ್ಟೋ ಹಳೆ ಮಾರ್ಗಗಳಲ್ಲಿ ಮಳೆನೀರು ಹೋಗಲಿ ಅಂತ ಕಟ್ಟಿದ ಮೋರಿಗಳೇ ಆಮೇಲೆ ಹೊಲದ ದಾರಿ ಆಗಿವೆ.

ಆದ್ರೆ ತಗ್ಗು ಸೇತುವೆ ಬ್ರಿಟಿಷರ ಕಾಲಕ್ಕೆ ಮುಗಿದ ಕಥೆ ಅಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ 2019 ರ ಜನವರಿ ಹೊತ್ತಿಗೆ ರೈಲ್ವೆ ತೆಗೆದುಹಾಕಿತು. ಜೀವ ಉಳಿಸುವ ಕೆಲಸ, ತಪ್ಪು ಹೇಳುವಂತಿಲ್ಲ. ಬಹಳಷ್ಟು ಕಡೆ ಅವುಗಳ ಬದಲು ಬಂದದ್ದು ಕಾಂಕ್ರೀಟ್ ಬಾಕ್ಸ್ ಇಟ್ಟು ಮಾಡುವ ‘ಲಿಮಿಟೆಡ್ ಹೈಟ್ ಸಬ್‌ವೇ’. ಹೆಸರಿನಲ್ಲೇ ಇದೆ, ಎತ್ತರ ಮಿತ. 3.6 ಮೀಟರ್ ಆಸುಪಾಸು, ಕೆಲವು ಕಡೆ ಅದಕ್ಕಿಂತ ಕಮ್ಮಿ. 3.6 ಮೀಟರ್ ಅಂದ್ರೆ 11 ಫೂಟ್ 10 ಇಂಚು.

ಇಷ್ಟು ತಗ್ಗು ಯಾಕೆ? ರೈಲು ಹಳಿಯನ್ನು ಬೇಕಾದಂಗೆ ಏರಿಸಲು ಬರುವುದಿಲ್ಲ. ಒಂದು ಕಡೆ ಎತ್ತಿದ್ರೆ ಎರಡೂ ದಿಕ್ಕಿಗೆ ಬಹಳ ದೂರದವರೆಗೆ ಏರಿಸಬೇಕು. ಹಾಗಾಗಿ ತಗ್ಗುವುದು ರಸ್ತೆಯೇ. ಹಳಿಯ ಏರಿ ನೆಲದಿಂದ 3 ಮೀಟರ್ ಮೇಲಿದೆ ಅಂತ ಇಟ್ಟುಕೊಳ್ಳಿ. ಜಲ್ಲಿ, ಸ್ಲೀಪರ್, ಬಾಕ್ಸಿನ ಮೇಲ್ಛಾವಣಿ ಸೇರಿ ಅದರಲ್ಲಿ 1 ಮೀಟರ್ ಹೋಯ್ತು. ಉಳಿದದ್ದು 2. ಲಾರಿಗೆ 4 ಮೀಟರ್ ಬೇಕಂದ್ರೆ ಇನ್ನೂ 2 ಮೀಟರ್ ಅಗೆಯಬೇಕು. 30 ಕ್ಕೆ 1 ರಂತೆ ಇಳಿಜಾರು ಕೊಟ್ಟರೆ ಎರಡೂ ಬದಿ 60 ಮೀಟರ್ ರಸ್ತೆ ಬೇಕು. ಅದಕ್ಕೆ ಜಾಗ, ಪರಿಹಾರ, ರೊಕ್ಕ. ಎತ್ತರ ಕಮ್ಮಿ ಮಾಡಿದ್ರೆ ಇದೆಲ್ಲ ಉಳೀತದೆ. ಉಳಿದ ಖರ್ಚು ಆಮೇಲೆ ಸುತ್ತು ಹೊಡೆಯುವ ರೈತನ ಡೀಸೆಲ್‌ನಲ್ಲಿ ಹೋಗ್ತದೆ ಅನ್ನೋದು ಬೇರೆ ಮಾತು.

ಇನ್ನು ಗಾಡಿ ಅಳತೆ. ಸರಕು ವಾಹನದ ಎತ್ತರದ ಮಿತಿ ಮೊದಲು 3.8 ಮೀಟರ್ ಇತ್ತು, 2020 ರಲ್ಲಿ 4 ಮೀಟರ್ ಆಯ್ತು. ಅಂದ್ರೆ 13 ಫೂಟ್ 1 ಇಂಚು. ಕಾಯ್ದೆ ಪ್ರಕಾರ ಸರಿಯಾಗಿಯೇ ಇರುವ ಲಾರಿಯೂ 3.6 ಮೀಟರ್ ಬಾಕ್ಸಿನೊಳಗೆ ಹೋಗಲಾರದು. ಮುಖ್ಯ ರಸ್ತೆಯ ಕೆಳಸೇತುವೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಎತ್ತರ ಹಳ್ಳಿ ಭಾಗದಲ್ಲಿ 5 ಮೀಟರ್, ಪಟ್ಟಣದಲ್ಲಿ 5.5 ಮೀಟರ್. ಹೊಲದ ದಾರಿಗೆ ಆ ಭಾಗ್ಯ ಸಿಗುವುದು ಕಮ್ಮಿ.

ಟ್ರ್ಯಾಕ್ಟರ್ ಟ್ರೇಲರಿನ ತಳವೇ ನೆಲದಿಂದ ಮೂರು-ಮೂರೂವರೆ ಫೂಟ್ ಮೇಲಿರ್ತದೆ. ಅದರ ಮೇಲೆ 9 ಫೂಟ್ ಹೊಟ್ಟು ಕಟ್ಟಿದ್ರೆ 12 ದಾಟಿತು. ಹೊಟ್ಟು, ಕಣಿಕಿ ಆದ್ರೆ ಬಾಗುತ್ತದೆ, ಉಜ್ಜಿಕೊಂಡು ಹೋಗಬಹುದು ಅನ್ನುವವರು ಇದ್ದಾರೆ. ಲೋಡಿನ ಮೇಲೆ ಆಳು ಕೂತಿದ್ರೆ? ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಬೋರ್ಡ್ ನೋಡಿದ್ರೆ ಸಾಕಾಗುವುದಿಲ್ಲ. ಬೋರ್ಡ್ ಬರೆದ ಮೇಲೆ ಎರಡು ಸಲ ಡಾಂಬರ್ ಬಿದ್ದಿದ್ರೆ ರಸ್ತೆ ಮೂರ್ನಾಲ್ಕು ಇಂಚು ಮೇಲೆ ಬಂದಿರ್ತದೆ, ಬೋರ್ಡಿನ ಅಂಕಿ ಹಳೆಯದೇ ಇರ್ತದೆ. ಖಾಲಿ ಲಾರಿ ತುಂಬಿದ ಲಾರಿಗಿಂತ ಎತ್ತರ ನಿಲ್ಲುತ್ತದೆ, ಯಾಕಂದ್ರೆ ಪಾಟಾ ಮೇಲೆದ್ದಿರ್ತದೆ. ತುಂಬಿಕೊಂಡು ದಾಟಿದ ಗಾಡಿ ಖಾಲಿ ಮಾಡಿ ವಾಪಸ್ ಬರುವಾಗ ತಾಗುವುದು ಹೀಗೆ. ಮತ್ತೊಂದು, ರಸ್ತೆ ತಗ್ಗಿಗೆ ಇಳಿದು ಏರುವ ಕಡೆ ಉದ್ದ ಗಾಡಿಯ ಮುಂದಿನ ಗಾಲಿ ಏರಿನ ಮೇಲೆ, ಹಿಂದಿನದು ಇಳಿಜಾರಿನಲ್ಲಿ ಇರ್ತದೆ. ನಡುವಿನ ಭಾಗ ರಸ್ತೆಯಿಂದ ಮೇಲೆದ್ದು ಛಾವಣಿಗೆ ಹತ್ತಿರ ಆಗ್ತದೆ. ಗೂಡ್ಸ್ ಟೆಂಪೋ ದಾಟಿದ ಲೆಕ್ಕದ ಮೇಲೆ ಉದ್ದ ಲಾರಿ ನುಗ್ಗಿಸಬಾರದು.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. ಅಮೆರಿಕದ ಡರ್ಹಮ್ ಊರಿನ ರೈಲು ಸೇತುವೆ 11 ಫೂಟ್ 8 ಇಂಚು ಇತ್ತು. ಲಾರಿ ಛಾವಣಿ ಸೀಳುವ ವಿಡಿಯೋಗಳಿಂದ ಜಗತ್ತಿಗೇ ಗೊತ್ತಾಯ್ತು. 2019 ರಲ್ಲಿ 8 ಇಂಚು ಎತ್ತರಿಸಿದರು. ಆಮೇಲೂ ತಾಗುತ್ತಲೇ ಇವೆ.

ಎತ್ತರಕ್ಕಿಂತ ಕೆಟ್ಟದ್ದು ನೀರು. ಅಗೆದ ತಗ್ಗಿಗೆ ಸುತ್ತಲಿನ ಮಳೆನೀರು ಇಳಿಯುತ್ತದೆ, ನಮ್ಮ ಎರೆ ಭೂಮಿ ಬೇಗ ಹೀರೋದಿಲ್ಲ. ಹೊರಗೆ ಹರಿಯಲು ಅದಕ್ಕಿಂತ ತಗ್ಗಿನ ಹಳ್ಳ ಹತ್ತಿರದಲ್ಲಿ ಇಲ್ಲದಿದ್ರೆ ಪಂಪ್ ಒಂದೇ ದಾರಿ, ಕರೆಂಟ್ ಹೋದ್ರೆ ಅದೂ ಇಲ್ಲ. ದಿಲ್ಲಿಯ ಮಿಂಟೋ ರೈಲು ಸೇತುವೆ ಕೆಳಗೆ 2020 ರ ಜುಲೈನಲ್ಲಿ ಸಣ್ಣ ಲಾರಿಯ ಚಾಲಕ ಮುಳುಗಿ ಸತ್ತ. ಫರೀದಾಬಾದಿನ ರೈಲ್ವೆ ಅಂಡರ್‌ಪಾಸ್‌ನಲ್ಲಿ 2024 ರ ಸೆಪ್ಟೆಂಬರ್‌ನಲ್ಲಿ ಕಾರಿನಲ್ಲಿದ್ದ ಇಬ್ಬರು ಬ್ಯಾಂಕ್ ನೌಕರರು ಹೋದರು. ಬೆಂಗಳೂರಿನ ಕೆ.ಆರ್. ಸರ್ಕಲ್‌ನದು ರೈಲ್ವೆ ಸೇತುವೆ ಅಲ್ಲ, ಆದ್ರೆ 2023 ರ ಮೇ 21 ರಂದು ಅಲ್ಲಿ ನಡೆದದ್ದೂ ಅದೇ. ನೀರು ಎಷ್ಟಿದೆ ಅಂತ ಮೇಲಿಂದ ತಿಳಿಯುವುದಿಲ್ಲ. ನಿಂತ ನೀರು ಕಂಡ್ರೆ ಗಾಡಿ ತಿರುಗಿಸಿಬಿಡಿ.

ಸೇತುವೆಗೆ ಗಾಡಿ ತಾಗಿದ್ರೆ ಹಿಂದೆ-ಮುಂದೆ ಮಾಡಿ ಬಿಡಿಸಿಕೊಂಡು ಓಡಿಹೋಗುವುದೇ ದೊಡ್ಡ ತಪ್ಪು. ಹಳೆ ಕಬ್ಬಿಣದ ಗರ್ಡರ್ ಸ್ವಲ್ಪ ಸರಿದ್ರೂ ಮೇಲಿನ ಹಳಿ ವಾರೆ ಆಗಬಹುದು, ಮುಂದೆ ಬರುವ ರೈಲಿಗೆ ಅದು ಗೊತ್ತಿರೋದಿಲ್ಲ. ಕೂಡಲೇ ರೈಲ್ವೆ ಸಹಾಯವಾಣಿ 139 ಕ್ಕೆ ಅಥವಾ 112 ಕ್ಕೆ ಫೋನ್ ಮಾಡಿ, ಸೇತುವೆ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಓದಿ ಹೇಳಿ. ಹತ್ತಿರದ ಸ್ಟೇಷನ್ ಮಾಸ್ಟರ್‌ಗೆ ತಿಳಿಸಿದರೂ ಆಯ್ತು. ಎತ್ತರ ಮೀರಿ ಲೋಡ್ ಹೇರಿದ್ದಕ್ಕೆ ಕೇಂದ್ರ ಮೋಟಾರು ವಾಹನ ಕಾಯ್ದೆಯಲ್ಲಿ 2019 ರ ತಿದ್ದುಪಡಿಯಂತೆ ದಂಡ 20 ಸಾವಿರ ರೂಪಾಯಿ, ಇಳಿಸುವ ಖರ್ಚು ಬೇರೆ.

ಶಹಾಪುರ, ಸುರಪುರದವರು ಇದು ಯಾದಗಿರಿ ಕಡೆಯವರ ತಲೆನೋವು ಅಂತ ಬಿಡುವ ಹಾಗಿಲ್ಲ. ಗದಗ-ವಾಡಿ ಹೊಸ ಮಾರ್ಗ ಆ ಎರಡೂ ತಾಲ್ಲೂಕು ಹಾದೇ ಬರಬೇಕು. 2025 ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಬಂತು. ಹೊಸ ಹಳಿ ಬಿದ್ದ ಕಡೆಯೆಲ್ಲ ಹೊಲದ ದಾರಿ, ಕಾಲುವೆ ದಾರಿ ಹಳಿಯ ಕೆಳಗಿಂದಲೋ ಮೇಲಿಂದಲೋ ದಾಟಬೇಕು. ಬಾಕ್ಸ್ ಇಟ್ಟ ಮೇಲೆ ಅರ್ಜಿ ಕೊಟ್ಟರೆ ಉಪಯೋಗ ಇಲ್ಲ, ಕಾಂಕ್ರೀಟ್ ಹಿಗ್ಗೋದಿಲ್ಲ. ನಕಾಶೆ ಇರುವಾಗಲೇ ಗ್ರಾಮ ಪಂಚಾಯಿತಿ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಮೂರು ಮಾತು ಕೇಳಬೇಕು: ಈ ದಾರಿಯ ಬಾಕ್ಸ್ ಎಷ್ಟು ಮೀಟರ್, ಮಳೆನೀರು ಯಾವ ಹಳ್ಳಕ್ಕೆ ಹೋಗ್ತದೆ, ಪಂಪ್ ಇಟ್ಟರೆ ಅದರ ಕರೆಂಟ್ ಬಿಲ್ ಕಟ್ಟೋರು ಯಾರು. ಭತ್ತದ ಮಷಿನ್‌ನ ಎತ್ತರ ಅಳೆದು ಅದೇ ಅರ್ಜಿಯಲ್ಲಿ ಬರೆದ್ರೆ ಇನ್ನೂ ಒಳ್ಳೆಯದು.